ಮೆಟ್ಟಿಲು ಕೌದಿ

ಸೂಜಿ ಹಿಡಿದು ಕೂತ ಚಿಕ್ಕಹನುಮಕ್ಕನನ್ನು ಮಾತಾಡಿಸಬಾರದು ಎಂಬುದು ಆ ಕೇರಿಯ ನಾಯಿಗಳಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಒಬ್ಬಳೇ, ಅವಳ ಅತ್ತೆ ದಾಸಮ್ಮ.

“ಅದೇನೇ ಹನುಮಿ ಅದು? ಕೌದಿ ಹೊಲೀತಿದ್ದೀಯೋ, ಕೋಳಿ ಪುಕ್ಕ ತರೀತಿದ್ದೀಯೋ?”

“ಕೌದಿನೇ ಕಣತ್ತೆ. ನಿಮ್ಗೆ ಕಣ್ಣು ಮಂಜಾಗೈತೆ.”

“ನನ್ ಕಣ್ಣು ಮಂಜಾಗಿದ್ರೆ ಈ ಊರ್ನಾಗೆ ಅರ್ಧ ಜನ ಹುಟ್ತಾನೇ ಇರ್ಲಿಲ್ಲ, ತಿಳ್ಕ.”

ಅದು ಸುಳ್ಳಲ್ಲ. ದೊಡ್ಡೇರಿ ಹೋಬಳಿಯ ಆ ಹಳ್ಳಿಗೆ ದಾಸಮ್ಮ ಮೂವತ್ತು ವರ್ಷದಿಂದ ಸೂಲಗಿತ್ತಿ. ಪಟೇಲರ ಮನೆಯಿಂದ ಗೊಲ್ಲರಹಟ್ಟಿಯವರೆಗೆ ಯಾರಿಗೆ ನೋವು ಬಂದರೂ ಜನ ಮೊದಲು ಓಡಿಬರುತ್ತಿದ್ದುದು ಊರಾಚೆಯ ಈ ಕೇರಿಗೆ. ಬೇರೆ ದಿನ ಜಗಲಿ ಹತ್ತಬೇಡ ಅನ್ನುವವರೇ ಆ ದಿನ ಕೈ ಹಿಡಿದು ಒಳಕೋಣೆಗೆ ಎಳೆದುಕೊಳ್ಳುತ್ತಿದ್ದರು. ಹನ್ನೊಂದನೆಯ ದಿನ ಪುರುಡು ಕಳೆದ ಮೇಲೆ, ಹೆತ್ತವಳು ನೋವಿನ ಹೊತ್ತಿನಲ್ಲಿ ಉಟ್ಟಿದ್ದ ಸೀರೆ ಸೂಲಗಿತ್ತಿಗೆ ಸೇರುತ್ತಿತ್ತು. ಅದು ಊರಿನ ರೂಢಿ. ಮೈಲಿಗೆಯಾದದ್ದು ಮನೆಯಲ್ಲಿ ಉಳಿಯಬಾರದು ನೋಡಿ! ಕೊಟ್ಟರೆ ಮೈಲಿಗೆಯೂ ಹೋಯಿತು, ಮೇಲೆ ಪುಣ್ಯವೂ ಬಂತು.

ದಾಸಮ್ಮ ಆ ಸೀರೆಗಳನ್ನು ಉಡುತ್ತಿರಲಿಲ್ಲ. ತಾಯಿಯೋ ಮಗುವೋ ಉಳಿಯದ ಮನೆಯದಾದರೆ ಹಳ್ಳಕ್ಕೆ ಬಿಟ್ಟುಬರುತ್ತಿದ್ದಳು. ಇಬ್ಬರೂ ಎದ್ದು ಕೂತ ಮನೆಗಳ ಕೆಲವನ್ನು ಮಾತ್ರ ಒಗೆದು, ಬೇವಿನೆಲೆ ಹಾಕಿ, ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದಳು. ಯಾಕೆ ಅಂತ ಕೇಳಿದರೆ, “ಇರ್ಲಿ ಬುಡು” ಅನ್ನುತ್ತಿದ್ದಳು.

ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಆ ಚೀಲದ ಬಾಯಿ ಬಿಚ್ಚಿತು. ಚಿಕ್ಕಹನುಮಕ್ಕನ ಮೊದಲ ಮಗು ಮೂರು ದಿನ ಬದುಕಿತ್ತು. ಮೂರೇ ದಿನ. ಗಂಡ ಕದಿರಯ್ಯ ಮಧುಗಿರಿ ಸಂತೆಯಿಂದ ಆಸೆಪಟ್ಟು ತಂದಿದ್ದ ಹೊಸ ಟವೆಲಿನಲ್ಲೇ ಅದನ್ನು ಸುತ್ತಿ ಮಣ್ಣಿಗಿಟ್ಟು ಬಂದಿದ್ದ. ಈಗ ಅವಳಿಗೆ ಮತ್ತೆ ಆರು ತಿಂಗಳು ತುಂಬಿತ್ತು. ದಾಸಮ್ಮ ಚೀಲವನ್ನು ತಂದು ಸೊಸೆಯ ಮುಂದೆ ಸುರಿದಳು.

“ಒಂಬತ್ತು ಸೀರೆ ಐತೆ. ಒಂಬತ್ತೂ ಮನೇಲಿ ತಾಯಿ ಮಗ ಇಬ್ರೂ ಎದ್ದವ್ರೆ. ಒಂದ್ನೂ ಬುಡ್ದಂಗೆ ಸೇರ್ಸಿ ಒಂದು ಕೌದಿ ಹೊಲಿ. ಹೊಸಾ ಬಟ್ಟೆ ಗಿಟ್ಟೆ ಬ್ಯಾಡ, ಮಗೀನ ಇದ್ರಾಗೇ ಮಲಗ್ಸಣ. ಒಂದು ತುಂಡೂ ಕಮ್ಮಿ ಆಗ್ಬಾರ್ದು, ಕೇಳಿಸ್ತಾ?”

ಚಿಕ್ಕಹನುಮಕ್ಕ ಅದನ್ನು ನಂಬಿದಳೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ಆದರೆ ಒಂದು ಮಗುವನ್ನು ಮಣ್ಣಿಗೆ ಕೊಟ್ಟವಳು ಇಂಥದನ್ನು ಪರೀಕ್ಷೆ ಮಾಡಿ ನೋಡಲು ಹೋಗುವುದಿಲ್ಲ. ಒಂಬತ್ತು ಅಂದರೆ ಒಂಬತ್ತೇ.

ಅವಳ ತವರು ಪಾವಗಡದಾಚೆ. ಅಲ್ಲಿ ಕೌದಿಗೆ ಬೊಂತ ಅನ್ನುತ್ತಾರೆ. “ನಮ್ ತೆಲುಗಿನೋಳು ಬೊಂತ ಹೊಲ್ಯಾಕೆ ಕೂತ್ಲು” ಎಂದು ಕೇರಿಯ ಹೆಂಗಸರು ರೇಗಿಸುತ್ತಿದ್ದರು. ರೇಗಿಸಲಿ. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಅವಳು ಐದು ಕೌದಿ ಹೊಲಿದಿದ್ದಳು, ಒಂದರ ಹಾಗೆ ಒಂದಿರಲಿಲ್ಲ. ಈ ಊರಿನ ಕೌದಿಗೆ ಒಂದೇ ದಾರಿ: ಹಳೇ ಸೀರೆಯೊಂದನ್ನು ಅಡಿಗೆ ಹಾಸು, ಮೇಲೆ ಚೌಕ ಚೌಕ ತುಂಡು ಜೋಡಿಸು, ಅಂಚಿನಿಂದ ಶುರುಮಾಡಿ ನಡುವಿನವರೆಗೆ ಸುತ್ತಿ ಸುತ್ತಿ ಹೊಲಿ. ಚೌಕ ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಮೂಲೆ ಮಡಿಸಿ ಮುಕ್ಕೋಣ ಮಾಡಿದಳು, ಹುಣಸೆಬೀಜವನ್ನು ನೆಲದ ಮೇಲೆ ಜೋಡಿಸಿ ಹೊಸ ಹೊಸ ವಿನ್ಯಾಸ ನೋಡಿದಳು, ಚೆನ್ನಾಗಿ ಬರದಿದ್ದರೆ ಬಿಚ್ಚಿ ಮತ್ತೆ ಹೊಲಿದಳು. ಬಿಚ್ಚುವುದೂ ಅವಳಿಗೆ ಖುಷಿಯೇ. ರಾಗಿ ಬೀಸುವಾಗ ಬಾರದ ಹಾಡು ಸೂಜಿ ಹಿಡಿದರೆ ತಾನೇ ಬರುತ್ತಿತ್ತು.

ಈ ಸಲ ಪಟ್ಟೆ ಪಟ್ಟೆ ಜಮಖಾನದಂತೆ ಮಾಡೋಣ ಅಂತ ಒಂಬತ್ತು ಸೀರೆಯನ್ನೂ ಕೈಯಗಲದ ಪಟ್ಟಿಗಳಾಗಿ ಹರಿದು, ಒಂದರ ಪಕ್ಕ ಒಂದಿಟ್ಟು ಉದ್ದಕ್ಕೆ ಹೊಲಿದಳು. ಪಟೇಲರ ಮನೆಯ ನಾಗರತ್ನಮ್ಮನ ಹಸಿರು ಮೊಳಕಾಲ್ಮೂರು ರೇಷ್ಮೆಯ ಪಕ್ಕದಲ್ಲಿ ಗೊಲ್ಲರ ರಂಗಕ್ಕನ ಕೆಂಪು ಚೌಕುಳಿ, ಅದರ ಪಕ್ಕ ಮೇಷ್ಟ್ರ ಹೆಂಡತಿ ಈಶ್ವರಮ್ಮನ ಹೂವಿನ ವಾಯಿಲ್, ಹೀಗೆ ಒಂಬತ್ತು. ಎಲ್ಲ ಮುಗಿಸಿ ಅಡಿಬಟ್ಟೆಯ ಮೇಲೆ ಹಾಸಿದರೆ, ಅಯ್ಯೋ ದೇವುಡಾ! ಉದ್ದ ಎಲ್ಲಿಂದೆಲ್ಲಿಗೋ ಹೋಗಿದೆ. ಅಡಿಬಟ್ಟೆ ಅಳೆದದ್ದು ತನ್ನ ಮೊಳದಲ್ಲಿ, ಪಟ್ಟಿ ಅಳೆದದ್ದು ಸಹಾಯಕ್ಕೆ ಬಂದ ಗಂಡನ ಮೊಳದಲ್ಲಿ. ಕದಿರಯ್ಯ ಕಲ್ಲು ಒಡೆಯುವ ಆಳು, ಅವನ ತೋಳೋ ನೊಗದಷ್ಟು ಉದ್ದ.

ಸಿಟ್ಟು ಬಂತು. ಒಂದು ಹೊತ್ತು ಗಂಡನನ್ನೂ ಅವನ ತೋಳನ್ನೂ ಬೈದಳು. ಕೊನೆಗೆ ಹಾಳಾಗಿ ಹೋಗಲಿ ಅಂತ ಇಡೀ ಹಾಸನ್ನು ಅಡ್ಡಡ್ಡಲಾಗಿ ಕತ್ತರಿಸಿ ಹದಿನಾಲ್ಕು ಸಾಲು ಮಾಡಿದಳು; ಅಷ್ಟು ಕಡೆ ಮಡಿಸಿ ಹೊಲಿದರೆ ಉದ್ದ ತಾನೇ ಇಳಿಯುತ್ತದೆ. ಮತ್ತೆ ಜೋಡಿಸಲು ನೆಲದ ಮೇಲೆ ಹರಡಿದಾಗ ಎರಡನೆಯ ಸಾಲು ಒಂದು ತುಂಡಿನಷ್ಟು ಪಕ್ಕಕ್ಕೆ ಜಾರಿ ಕೂತಿತ್ತು. ಮೂರನೆಯದನ್ನು ಬೇಕೆಂದೇ ಇನ್ನೊಂದು ತುಂಡು ಸರಿಸಿದಳು. ತುದಿಯಲ್ಲಿ ಹೆಚ್ಚಾದದ್ದನ್ನು ಬಿಚ್ಚಿ ಈ ತುದಿಗೆ ಹೊಲಿದಳು. ಹಸಿರು ಒಂದೊಂದು ಸಾಲಿಗೂ ಒಂದೊಂದು ಹೆಜ್ಜೆ ಇಳಿಯಿತು, ಅದರ ಬೆನ್ನ ಹಿಂದೆಯೇ ಕೆಂಪು. ಮಧುಗಿರಿ ಬೆಟ್ಟದ ಮೆಟ್ಟಿಲು ಬಂದು ಅವಳ ಮನೆಯ ನೆಲದ ಮೇಲೆ ಕೂತ ಹಾಗಿತ್ತು. ಎದ್ದು ಕುಣಿಯಬೇಕು ಅನ್ನಿಸಿತು, ಹೊಟ್ಟೆ ಬಿಡಲಿಲ್ಲ.

“ಎಲ್ಲಾ ಕಲ್ಸಿ ಉಪ್ಸಾರು ಮಾಡ್ದೆ” ಎಂದಳು ದಾಸಮ್ಮ. “ಯಾವ ಸೀರೆ ಎಲ್ಲೈತೆ ಅಂತ ಹೆಂಗೆ ಹುಡುಕದು?”

“ಎಲ್ಲಾ ಸಾಲ್ನಾಗೂ ಒಂಬತ್ತೂ ಅವೆ ಅತ್ತೆ. ಎಣ್ಸಿ ನೋಡ್ಕಳಿ.”

ದಾಸಮ್ಮ ಎಣಿಸಿದಳು. ಹದಿನಾಲ್ಕು ಸಾಲನ್ನೂ ಎಣಿಸಿದಳು. ಸರಿ ಇತ್ತು. ಆದರೂ ಮೂಗು ಮುರಿದೇ ಎದ್ದುಹೋದಳು.

ಬಿಸಿಲು ಕಾಯಲಿ ಅಂತ ಕೌದಿಯನ್ನು ಬೇಲಿಯ ಮೇಲೆ ಹಾಕಿದ್ದೇ ತಪ್ಪಾಯಿತು. ತಪ್ಪೇನು ಬಂತು ಮಣ್ಣು! ಬೇಲಿ ಅವರದು, ಬಿಸಿಲು ದೇವರದು. ಆದರೆ ಬೇಲಿಯ ಆಚೆ ಊರಿನ ದಾರಿ. ಆ ಹಸಿರು ಮೊಳಕಾಲ್ಮೂರನ್ನು ಗುರುತಿಸದ ಹೆಂಗಸು ಊರಲ್ಲಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ಗೌರಿ ಹಬ್ಬದ ದಿನ ಅದನ್ನುಟ್ಟು ಎಲೆಗೆ ಬಡಿಸುತ್ತಿದ್ದ ನಾಗರತ್ನಮ್ಮನಿಗೆ ನಿಂತಲ್ಲೇ ನೋವು ಬಂದಿತ್ತು, ಬೇರೆ ಸೀರೆ ಸುತ್ತಲೂ ಪುರುಸೊತ್ತಿರಲಿಲ್ಲ. ರೂಢಿಯಂತೆ ಅದು ದಾಸಮ್ಮನ ಪಾಲಾದಾಗ ಮಗು ಹುಟ್ಟಿದ ಖುಷಿಯನ್ನೂ ಮರೆತು ಆಕೆ ಅತ್ತಿದ್ದಳಂತೆ. ಈಗ ಹಿಟ್ಟಿನ ಗಿರಣಿಯಲ್ಲಿ ಯಾರೋ ಬಾಯಿ ತಡೆಯಲಾರದೆ, “ನಿಮ್ ರೇಷ್ಮೆ ಸೀರೆ ಗೊಲ್ರ ರಂಗಕ್ಕನ ಸೀರೆ ತೋಳು ಹಿಡ್ಕಂಡು ಬೇಲಿ ಮ್ಯಾಲೆ ಕೂತೈತೆ ಕಣ್ರಮ್ಮ” ಅಂದುಬಿಟ್ಟರು. ಗಿರಣಿಯೆಲ್ಲ ನಕ್ಕಿತು.

ಮಾರನೆಯ ಬೆಳಿಗ್ಗೆಯೇ ನಾಗರತ್ನಮ್ಮ ಬಂದಳು. ಕೇರಿಯೊಳಗೆ ಕಾಲಿಡಲಿಲ್ಲ, ಕೇರಿಯ ಬಾಯಲ್ಲಿರುವ ಹುಣಸೆಮರದ ನೆರಳಲ್ಲಿ ನಿಂತಳು. ಹಿಂದೆ ಅವರ ಹೊಲದ ಆಳು, ಗೊಲ್ಲರ ಅಡವಯ್ಯ, ಕೈಯಲ್ಲಿ ಕತ್ತರಿ. ಕದಿರಯ್ಯ ಕಲ್ಲಿನ ಕೆಲಸಕ್ಕೆ ಹೋಗಿದ್ದ. ಅತ್ತೆ ಸೊಸೆ ಇಬ್ಬರೇ ಹೊರಗೆ ಬಂದರು.

“ದಾಸೀ, ನನ್ ಸೀರೇನ ಬೀದಿ ಬೇಲಿ ಮೇಲೆ ಒಣಗಾಕು ಅಂತ ಕೊಟ್ಟಿದ್ನೇನೇ ನಿಂಗೆ?” ಎಂದಳು ನಾಗರತ್ನಮ್ಮ.

“ಕೊಟ್ಟಿದ್ರಿ ಅಮ್ಮಾರೆ. ಕೊಟ್ ಮ್ಯಾಲೆ ನಂದು” ಎಂದಳು ದಾಸಮ್ಮ.

“ಉಟ್ಕೊಳ್ಲಿ ಅಂತ ಕೊಟ್ಟೆ. ಕಂಡ ಕಂಡೋರ ಸೀರೆ ಜೊತೆ ಸೇರ್ಸಿ ಊರಿಗೆಲ್ಲ ತೋರ್ಸು ಅಂತಲ್ಲ. ನನ್ ತುಂಡು ಬಿಚ್ಚಿ ಕೊಡ್ರಿ. ತಗೊಂಡೋಗಿ ಸುಟ್ಟಾಕ್ತೀನಿ.”

ಚಿಕ್ಕಹನುಮಕ್ಕನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಒಳಗೆ ಮಗು ಒದೆಯಿತು. ಹೆದರಿಕೆಯಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಮೇಲೆ ಸಿಟ್ಟು ಉಕ್ಕಿಬಂತು.

“ಬಿಚ್ಚಕಾಗಲ್ಲ ಅಮ್ಮಾರೆ” ಎಂದಳು.

“ಆಗಲ್ವೋ, ಬಿಚ್ಚಲ್ವೋ?”

“ಎರಡೂವೆ.”

ನಾಗರತ್ನಮ್ಮನಿಗೆ ಮೈಯೆಲ್ಲ ಉರಿಯಿತು. “ನೋಡು ಇವಳ ಬಾಯಿ! ಲೋ ಅಡವಯ್ಯ, ಹೋಗಿ ಕತ್ತರಿಸ್ಕೊಂಡು ಬಾರೋ.”

ಅಡವಯ್ಯ ಕದಲುವ ಮೊದಲೇ ಚಿಕ್ಕಹನುಮಕ್ಕ ಕೌದಿಯನ್ನು ಬೇಲಿಯಿಂದ ಎಳೆದುಕೊಂಡಳು. ಹುಣಸೆಮರದವರೆಗೆ ತಂದು, ನಾಗರತ್ನಮ್ಮನ ಕಾಲಿಗೆ ಒಂದು ಮಾರು ದೂರದಲ್ಲಿ ಪೂರ್ತಿ ಹಾಸಿದಳು.

“ಬಾ ಅಡವಯ್ಯಣ್ಣ, ಕತ್ತರ್ಸು. ಹಸ್ರು ರೇಷ್ಮೆ ಹದ್ನಾಲ್ಕು ಕಡೆ ಐತೆ. ಹದ್ನಾಲ್ಕೂ ಕತ್ತರ್ಸು. ಒಂದೊಂದ್ರ ಪಕ್ಕಕ್ಕೂ ಒಂದು ಕೆಂಪು ಚೌಕುಳಿ ಅಂಟ್ಕಂಡೈತೆ. ಅದು ಯಾರ್ದು ಅಂತ ಕೇಳ್ಕಂಡು ಕತ್ತರ್ಸು.”

ಅಡವಯ್ಯ ಕುಕ್ಕರಗಾಲಲ್ಲಿ ಕೂತ. ನೋಡಿದ. “ಯಾರ್ದು?” ಎಂದ.

ಉತ್ತರ ಹೇಳಿದವಳು ದಾಸಮ್ಮ. “ನಿಮ್ಮವ್ವ ರಂಗಕ್ಕಂದು. ಹಟ್ಟಿ ಆಚೆ ಗುಡ್ಲಾಗೆ ಎರಡು ದಿನ ಒಬ್ಳೇ ನರಳ್ತಿದ್ಲು. ಸೂತಕ ಅಂತ ನಿಮ್ಮೋರು ಒಬ್ರೂ ಹತ್ರ ಹೋಗ್ಲಿಲ್ಲ. ನಾನು ಹೋದೆ. ಕಾಲು ಮುಂದಾಗಿ ಬಂದೋನು ಕಣ್ಲಾ ನೀನು. ಆ ಎರಡು ಕಾಲು ಹಿಡಿದು ಎಳ್ದಿದ್ದು ಇದೇ ಕೈ.”

ರಂಗಕ್ಕ ಸತ್ತು ನಾಲ್ಕು ವರ್ಷವಾಗಿತ್ತು. ಅವಳದು ಅಂತ ಮನೆಯಲ್ಲಿ ಒಂದು ಚಿಂದಿಯೂ ಉಳಿದಿರಲಿಲ್ಲ, ಎಲ್ಲ ಹೆಣದ ಜೊತೆ ಹೋಗಿತ್ತು. ಅಡವಯ್ಯ ಹೆಬ್ಬೆರಳಿನಿಂದ ಕೆಂಪು ಚೌಕುಳಿಯನ್ನು ಸವರಿದ. ಆಮೇಲೆ ಕತ್ತರಿಯನ್ನು ನೆಲದ ಮೇಲಿಟ್ಟ.

“ನನ್ ಕೈಲಾಗಕಿಲ್ಲ ಅಮ್ಮಾರೆ. ನಿಮ್ದು ಕತ್ತರ್ಸಕ್ಕೋದ್ರೆ ನಮ್ಮವ್ವಂದೂ ಹರೀತದೆ.”

“ಥೂ, ಕೂಳು ತಿಂದ ಮನೆಗೆ ಎರಡು ಬಗೆಯೋನೆ!” ಎಂದು ನಾಗರತ್ನಮ್ಮ ತಾನೇ ಬಗ್ಗಿ ಕತ್ತರಿ ತೆಗೆದುಕೊಂಡಳು. ಒಂದು ಹೆಜ್ಜೆ ಮುಂದಿಟ್ಟಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕೌದಿ ಮುಟ್ಟಬೇಕಿತ್ತು. ಅಲ್ಲಿಗೆ ಕಾಲು ನಿಂತಿತು.

“ಬನ್ನಿ ಅಮ್ಮಾರೆ, ಯಾಕೆ ನಿಂತ್ರಿ?” ಎಂದಳು ದಾಸಮ್ಮ. “ಗೌರಿ ಹಬ್ಬದ ದಿನ ನನ್ ಕೈನ ಉಗುರು ಇಳಿಯಂಗೆ ಹಿಡ್ಕಂಡು, ಬುಡ್ಬ್ಯಾಡ ಕಣೇ ದಾಸಮ್ಮ, ನನ್ನ ಬುಟ್ಟೋಗ್ಬ್ಯಾಡ ಅಂತ ಅತ್ತಿದ್ರಲ್ಲ. ಅವತ್ತು ದಾಸಮ್ಮ, ಇವತ್ತು ದಾಸಿ. ಹೊಳೆ ದಾಟಿದ ಮ್ಯಾಲೆ ಅಂಬಿಗ ಮಿಂಡ, ಅಲ್ವಾ? ಇದು ನನ್ ಮೊಮ್ಮಗೀನ ಕೌದಿ. ಹೋದ್ ಸಲ ಮೂರು ದಿನುಕ್ಕೇ ಮಣ್ಣಿಗಿಟ್ಟು ಬಂದೀವಿ. ಈ ಸಲ ಒಂದು ದಾರ ಕೀಳಾಕೂ ಬುಡಕಿಲ್ಲ. ನೀವು ಬಂದ್ರೂ ಇಲ್ಲ, ನಿಮ್ ಯಜಮಾನ್ರು ಬಂದ್ರೂ ಇಲ್ಲ.”

ಕೇರಿಯ ಜನ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಒಳಗೆ ಹೋಗಲಿಲ್ಲ. ನಾಗರತ್ನಮ್ಮ ಒಂದು ಗಳಿಗೆ ಆ ಹಸಿರು ತುಂಡುಗಳನ್ನೇ ನೋಡಿದಳು. ಕಣ್ಣು ತುಂಬಿದ ಹಾಗಿತ್ತು. ಸಿಟ್ಟಿಗೋ, ಸೀರೆಗೋ, ಆ ದಿನದ ನೆನಪಿಗೋ, ಯಾರಿಗೆ ಗೊತ್ತು.

“ನಾಳೆಯಿಂದ ನಮ್ ತೋಟದ ಬಾವಿ ಕಡೆ ಕೊಡ ಹಿಡ್ಕೊಂಡು ಬಂದೀರಿ, ಹುಷಾರು!” ಎಂದಳು.

“ಬರಕಿಲ್ಲ ಬುಡಿ” ಎಂದಳು ಚಿಕ್ಕಹನುಮಕ್ಕ.

ಆ ಬೇಸಿಗೆಯೆಲ್ಲ ಕೇರಿಯವರು ಒಂದು ಮೈಲಿ ನಡೆದು ಕೆರೆಯಂಗಳದ ಬಾವಿಯಿಂದ ನೀರು ಹೊತ್ತರು. ಇವರಿಂದ ನಮಗೂ ಬಂತು ಅಂತ ಗೊಣಗಿದವರು ಇದ್ದರು. ಗೊಣಗುತ್ತಲೇ ಬಸುರಿಯ ಕೊಡವನ್ನೂ ತಾವೇ ಹೊತ್ತು ತಂದಿಡುತ್ತಿದ್ದರು.

ನಾಗರತ್ನಮ್ಮ ಬಂದುಹೋದ ದಿನವೇ ದಾಸಮ್ಮ ಒಳಗೆ ಹೋಗಿ ಅಟ್ಟದ ಮೇಲಿನ ಮಡಕೆಯಿಂದ ಒಂದು ಹಳೇ ಸೀರೆ ತೆಗೆದು ತಂದಳು. ಬಣ್ಣ ಯಾವುದಿತ್ತೋ, ಈಗ ಬರೀ ಮಣ್ಣಿನ ಬಣ್ಣ.

“ಇದು ಹತ್ತನೇದು. ಕದಿರಯ್ಯ ಹುಟ್ದಾಗ ಉಟ್ಟಿದ್ದು. ನನ್ ಹೆರಿಗೆ ನಾನೇ ಮಾಡ್ಕಂಡೆ, ಯಾವ ಸೂಲಗಿತ್ತಿಗೂ ಕೊಡ್ಲಿಲ್ಲ. ಎಲ್ಲಿಗಾದ್ರೂ ಹಾಕು.”

ಚಿಕ್ಕಹನುಮಕ್ಕ ಅದನ್ನು ಸಾಲಿಗೆ ಸೇರಿಸಲಿಲ್ಲ. ನಾಲ್ಕು ಬೆರಳಗಲಕ್ಕೆ ಹರಿದು ಕೌದಿಯ ನಾಲ್ಕೂ ಕಡೆಗೆ ಅಂಚು ಕಟ್ಟಿದಳು. “ಎಲ್ರನ್ನೂ ಹಿಡ್ಕಂಡಿರದು ನೀವೇ ಅತ್ತೆ” ಎಂದಳು.

“ಸಾಕು, ಬೆಣ್ಣೆ ಹಚ್ಬ್ಯಾಡ. ಆ ಮೂಲೇಲಿ ಹೊಲಿಗೆ ಸೊಟ್ಟ ಐತೆ, ಬಿಚ್ಚಿ ಹೊಲಿ.”

ಶ್ರಾವಣಕ್ಕೆ ಮುಂಚೆ ಹೆಣ್ಣು ಮಗು ಹುಟ್ಟಿತು. ಮೂರನೆಯ ದಿನ ಅತ್ತೆ ಸೊಸೆ ಇಬ್ಬರೂ ಅದರ ಪಕ್ಕ ಬಿಟ್ಟು ಏಳಲಿಲ್ಲ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮಗು ಕೌದಿಯ ಮೇಲೆ ಕಾಲು ಬಡಿಯುತ್ತಾ, ಊರಿಗೆ ಕೇಳುವ ಹಾಗೆ ಕಿರುಚಿ, ಕೌದಿಯನ್ನೆಲ್ಲ ಒದ್ದೆ ಮಾಡಿತು.

“ಯಾರ್ ಮನೆ ಸೀರೆ ಮ್ಯಾಲೆ ಉಯ್ಕಂಡ್ಲೇ?” ಎಂದಳು ದಾಸಮ್ಮ. ನಗುತ್ತಿದ್ದಳೋ ಅಳುತ್ತಿದ್ದಳೋ.

ಚಿಕ್ಕಹನುಮಕ್ಕ ಮಗುವನ್ನು ಎತ್ತಿಕೊಂಡು ನೋಡಿದಳು.

“ಎಲ್ರ ಮನೇದ್ರ ಮ್ಯಾಲೂ ಕಣತ್ತೆ. ಒಂದ್ನೂ ಬುಟ್ಟಿಲ್ಲ.”

ದಾಸಮ್ಮ ಕೌದಿಯನ್ನು ಒಗೆದು ಹಿಂಡಿದಳು. ಹಿತ್ತಲಿಗೆ ಹೋಗಲಿಲ್ಲ. ಊರಿನ ದಾರಿಯ ಕಡೆಗಿನ ಬೇಲಿಯ ಮೇಲೆ, ಹಸಿರು ಕಾಣುವ ಹಾಗೆ ಹರಡಿ ಬಂದಳು.