ಒಂಬತ್ತು ಸಾವಿರ ಮೊಳೆ

ಬೋದಿಲ್ ಭುಜದವರೆಗೂ ಕೈಯನ್ನು ಕಡಲಹುಲ್ಲಿನ ಮಾಡಿನೊಳಗೆ ತೂರಿಸಿದ್ದಳು. ಒಣಗಿದ್ದು ಸಿಗುವ ತನಕ ಬಗೆಯಬೇಕು. ಬೆರಳಿಗೆ ತಾಗಿದ್ದೆಲ್ಲ ಒದ್ದೆ.

"ಏನಾದ್ರೂ ಸಿಕ್ತಾ?" ಕೆಳಗೆ ಏಣಿ ಹಿಡಿದು ನಿಂತಿದ್ದ ಗಂಡ ಹೋಲ್ಗರ್ ಕೇಳಿದ.

"ನಿಮ್ಮನೆಯ ಯಾವಳೋ ಮುತ್ತಜ್ಜಿ ಹೊಸೆದದ್ದು ಸಿಕ್ತು. ಕೊಳೆತುಹೋಗಿದೆ."

"ಅವಳ ತಲೆ ಮೇಲೆ ಹಾಕ್ಬೇಡ. ನೂರೈವತ್ತು ವರ್ಷ ಸೋರದ ಮಾಡು, ನೀನು ಬಂದ್ಮೇಲೆ ಸೋರ್ತಿದೆ."

"ಏಣಿ ಸರಿಯಾಗಿ ಹಿಡ್ಕೋ ಮಾರಾಯ. ನಾನು ಬಿದ್ರೆ ನಾಳೆ ಬಸ್ಸು ನೀನೇ ಓಡಿಸ್ಬೇಕಾಗತ್ತೆ."

ದ್ವೀಪಕ್ಕೆ ಇರುವುದು ಒಂದೇ ಬಸ್ಸು. ಹದಿನೆಂಟು ವರ್ಷದಿಂದ ಅದನ್ನು ಓಡಿಸುವವಳು ಬೋದಿಲ್. ಅವಳು ಒಂದು ಹಿಡಿ ಕಪ್ಪು ಹುಲ್ಲು ಕಿತ್ತು ಕೆಳಗೆ ಎಸೆದಳು. ಅದು ಗಂಡನ ಟೋಪಿಯ ಮೇಲೆ ಬಿತ್ತು. ಅವನು ಕೊಡವಿಕೊಳ್ಳಲಿಲ್ಲ. ಏಣಿ ಬಿಡುವ ಹಾಗಿರಲಿಲ್ಲ.

ಮನೆಯ ಉತ್ತರದ ಇಳಿಜಾರಿನಲ್ಲಿ ಬಸ್ಸಿನ ಬಾಗಿಲಿನಷ್ಟು ದೊಡ್ಡ ತೂತು ಬಿದ್ದಿತ್ತು. ಕಳೆದ ವಾರ ಬಂದ ಬಡಗಿ ಜಂತೆಗೆ ಚಾಕು ಚುಚ್ಚಿ ನೋಡಿದ್ದ. ಇನ್ನೊಂದು ಚಳಿಗಾಲ ನೀರು ಕುಡಿದರೆ ಇದು ನಿಲ್ಲುವುದಿಲ್ಲ, ಹುಲ್ಲು ಹೊದಿಸಿ, ಇಲ್ಲವೇ ಆ ಕಡೆಯದನ್ನು ಪೂರ್ತಿ ಇಳಿಸಿ ತಗಡಿನ ಶೀಟು ಹಾಕಿಸಿ ಎಂದಿದ್ದ. ಹೊದಿಸಲು ಹನ್ನೆರಡು ಟ್ರೇಲರ್ ಕಡಲಹುಲ್ಲು ಬೇಕು. ಹೋದ ಚಳಿಗಾಲದ ಬಿರುಗಾಳಿಗಳೆಲ್ಲ ಸೇರಿ ದಡಕ್ಕೆ ತಂದು ಹಾಕಿದ್ದು ಒಂದು ಟ್ರೇಲರಿಗೂ ಸಾಲದಷ್ಟು.

ಶೀಟಿನ ಮಾತು ಬಂದಾಗಲೆಲ್ಲ ಬೋದಿಲ್ ಎದ್ದು ಪಾತ್ರೆ ತೊಳೆಯುತ್ತಿದ್ದಳು.

ದ್ವೀಪದಲ್ಲಿ ಮಾಡು ಹೊದಿಸುವುದು ಹೆಂಗಸರ ಕೆಲಸ. ಗಂಡಸರು ಟ್ರೇಲರ್ ತರಬಹುದು, ಏಣಿ ಹಿಡಿಯಬಹುದು, ಕಾಫಿ ಕಾಯಿಸಬಹುದು. ಮೊದಲ ಸಾಲನ್ನು ನಲವತ್ತು ಹೆಂಗಸರು ಒಂದೇ ದಿನ ಕೂತು ಹೊಸೆಯುತ್ತಾರೆ. ತೋಳಿನಷ್ಟು ದಪ್ಪದ ಹುಲ್ಲಿನ ಜಡೆ, ಅದರ ಕತ್ತನ್ನು ಜಂತೆಗೆ ಬಿಗಿಯಬೇಕು, ಬಿಗಿದ ಮೇಲೆ ಜೋತುಬಿದ್ದು ನೋಡಬೇಕು. ಬಿಚ್ಚಿಕೊಂಡರೆ ಮತ್ತೆ ಮೊದಲಿಂದ. ಈಗ ಆ ನಲವತ್ತು ಹೆಂಗಸರಿಗೆ ಯಜಮಾನಿ ಬೋದಿಲ್. ಅವಳ ಮನೆಯ ಮೇಲೇ ಶೀಟು ಬಂದರೆ ಬಸ್ಸಿಗೆ ಹತ್ತುವ ಪ್ರತಿಯೊಬ್ಬಳೂ ಏನೂ ಕೇಳದೆ, ಮುಖವನ್ನೂ ನೋಡದೆ ಟಿಕೆಟ್ ತೆಗೆದುಕೊಳ್ಳುತ್ತಾಳೆ.

ಗೇಟಿನ ಬಳಿ ಸೈಕಲ್ ನಿಂತಿತು. ಮಾರೆನ್. ಕಡಲ ಗಿಡಗಳನ್ನು ಓದಿದವಳು, ನಾಲ್ಕು ವರ್ಷದ ಹಿಂದೆ ಆರ್ಹುಸ್ ನಗರದಿಂದ ಕೊಲ್ಲಿಯಲ್ಲಿ ಹುಲ್ಲು ನೆಡಿಸಲು ಬಂದು ಇಲ್ಲೇ ಉಳಿದವಳು.

"ಇಳೀರಿ ಬೋದಿಲ್," ಎಂದಳು. "ನಿಮಗೆ ಹುಲ್ಲು ಕೊಡ್ತೀನಿ."

"ಎಷ್ಟು?"

"ಹನ್ನೆರಡು ಟ್ರೇಲರ್."

ಹೋಲ್ಗರ್ ಏಣಿ ಬಿಟ್ಟ. ಬೋದಿಲ್ ಮೇಲಿನಿಂದ ಅವನನ್ನು ಬೈದಳು. ಅವನು ಮತ್ತೆ ಹಿಡಿದುಕೊಂಡ.

*

ಕೊಲ್ಲಿಯಲ್ಲಿ ಮೊದಲು ಹುಲ್ಲಿತ್ತು. ಹೊಲಗಳ ಗೊಬ್ಬರ ಮಳೆಯ ಜೊತೆ ಇಳಿದು ನೀರು ಹಸಿರು ಗಂಜಿಯಾಯಿತು, ತಳಕ್ಕೆ ಬೆಳಕು ಹೋಗಲಿಲ್ಲ, ಬೇಸಿಗೆಗಳು ವರ್ಷದಿಂದ ವರ್ಷಕ್ಕೆ ಬಿಸಿಯಾದವು. ಹುಲ್ಲು ಸತ್ತಿತು. ಹುಲ್ಲಿನ ಹಿಂದೆ ಮೀನು ಹೋಯಿತು. ದಡದಂಚಿನ ಹೊಲಗಳನ್ನು ಪಾಳು ಬಿಟ್ಟ ಮೇಲೆ ನೀರು ತಿಳಿಯಾಯಿತು. ಆಗ ಬಂದಳು ಮಾರೆನ್. ಸಸಿಯನ್ನು ದಾರದಿಂದ ಕಬ್ಬಿಣದ ಮೊಳೆಗೆ ಕಟ್ಟಬೇಕು, ಮುಳುಗುಗಾರರು ಅದನ್ನು ಮರಳಿಗೆ ಒತ್ತುತ್ತಾರೆ, ಬೇರು ಹಿಡಿಯುವವರೆಗೆ ಮೊಳೆಯ ಭಾರ ಸಸಿಯನ್ನು ನಿಲ್ಲಿಸುತ್ತದೆ. ಕಟ್ಟಲು ಜನ ಬೇಕಿತ್ತು. ಬೋದಿಲ್ ತನ್ನ ನಲವತ್ತು ಹೆಂಗಸರನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದರಿಗೆ ಕರೆತಂದಳು.

ಹೇಗೆ ಕಟ್ಟಬೇಕೆಂದು ಮಾರೆನ್ ತೋರಿಸಲು ಹೋದಾಗ ಬೋದಿಲ್ ನಕ್ಕಿದ್ದಳು. "ಹುಲ್ಲು ಕಟ್ಟೋದು ನಮಗೆ ಹೇಳ್ಕೊಡ್ತೀಯಾ ಹುಡುಗಿ?"

ಎರಡು ದಿನದಲ್ಲಿ ಒಂಬತ್ತು ಸಾವಿರ ಮೊಳೆ. ಪ್ರತಿಯೊಂದೂ ಬಿಗಿ, ಮಾಡಿನ ಜಡೆಯ ಹಾಗೆ ಬಿಗಿ. ಬೋದಿಲ್ ಸಾಲುಸಾಲಾಗಿ ನಡೆದು, ಒಂದೊಂದನ್ನೂ ಎಳೆದು ನೋಡಿ, ಸಡಿಲವಿದ್ದದ್ದನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದ್ದಳು.

ಆಗಸ್ಟಿನಲ್ಲಿ ಮುಳುಗಿ ನೋಡಿದಾಗ ಒಂದೂ ಬದುಕಿರಲಿಲ್ಲ. ದಾರ ಸಸಿಯ ಕತ್ತನ್ನು ಹಿಸುಕಿತ್ತು. ಅವರು ಮಾಡು ಹೊದಿಸುವವರು, ಅವರ ಕೈ ಸೇರುವ ಹುಲ್ಲು ಯಾವಾಗಲೂ ಸತ್ತದ್ದೇ. ಬದುಕಿರುವುದನ್ನು ಕಟ್ಟುವುದು ಬೇರೆ ಕೆಲಸ ಎಂದು ಅವರಿಗೆ ಗೊತ್ತಿರಲಿಲ್ಲ.

ಮಾರೆನ್ ಯಾರನ್ನೂ ದೂರಲಿಲ್ಲ. ಮರುವರ್ಷ ಬೋದಿಲ್ ಎಲ್ಲರಿಗಿಂತ ಮೊದಲು ಬಂದು ಮೂಲೆಯ ಬೆಂಚಿನ ಮೇಲೆ ಕೂತಳು. ದಾರದ ಕೆಳಗೆ ಬೆಂಕಿಕಡ್ಡಿ ತೂರುವಷ್ಟು ಜಾಗ ಬಿಟ್ಟು ಕಟ್ಟಲು ತನ್ನ ಕೈಗೆ ಕಲಿಸಿದಳು. ಕೈ ಹಟಮಾರಿ. ಮೂರು ದಿನ ಹಿಡಿಯಿತು. ಆ ಸಲದ ಹುಲ್ಲು ಉಳಿಯಿತು, ಹರಡಿತು, ಈಗ ನಾಲ್ಕು ಫುಟ್‌ಬಾಲ್ ಮೈದಾನದಷ್ಟಾಗಿತ್ತು.

*

ಹುಲ್ಲು ನೋಡಲು ಮಾರೆನ್‌ಳ ದೋಣಿ ಹತ್ತುವ ಮುಂಚೆ ಬೋದಿಲ್ ದಡದಲ್ಲಿ ನಿಂತಳು. ಹಿಂದಿನ ದಿನದ ಗಾಳಿಗೆ ನೀರಿನಂಚಿನಲ್ಲಿ ಕಪ್ಪು ಪಟ್ಟಿಯೊಂದು ಬಂದು ಬಿದ್ದಿತ್ತು. ಇಪ್ಪತ್ತು ಹೆಜ್ಜೆ ಉದ್ದ, ಪಾದ ಮುಳುಗುವಷ್ಟು ದಪ್ಪ. ಅವಳು ಬಗ್ಗಿ ಒಂದು ತೆಕ್ಕೆ ಎತ್ತಿದಳು.

"ಇದು ನಮ್ಮದಾ?"

"ನಿಮ್ಮದೇ," ಎಂದಳು ಮಾರೆನ್. "ಈ ಕೊಲ್ಲೀಲಿ ಬೇರೆ ಯಾರದೂ ಇಲ್ವಲ್ಲ."

ಬೋದಿಲ್ ಆ ತೆಕ್ಕೆಯನ್ನು ಮಡಿಲಲ್ಲಿಟ್ಟುಕೊಂಡೇ ದೋಣಿಯಲ್ಲಿ ಕೂತಳು.

"ನೋಡು, ಬೆಕ್ಕು ಸಾಕಿದ ಹಾಗೆ," ಎಂದ ಹೋಲ್ಗರ್. "ನನ್ನನ್ನ ಒಂದಿನ ಹಂಗೆ ಕೂರಿಸ್ಕೊಂಡಿಲ್ಲ."

"ನೀನು ಸೋರ್ತೀಯ."

ಮಾರೆನ್ ನಕ್ಕು ಎಂಜಿನ್ ಚಾಲೂ ಮಾಡಿದಳು. ದೋಣಿಯ ಹಿಂಬದಿಗೆ ಕೊಯ್ಯುವ ಅಲಗನ್ನು ಕಟ್ಟಿಕೊಂಡೇ ಬಂದಿದ್ದಳು. ದಾರಿಯಲ್ಲಿ ಎಲ್ಲವನ್ನೂ ಹೇಳಿದಳು. ಪರೀಕ್ಷೆಗೆಂದು ಒಂದು ಅಂಚನ್ನು ಕೊಯ್ಯಲು ಅನುಮತಿ ಬಂದಿದೆ. ಎಲೆ ಮಾತ್ರ, ಬೇರು ಮುಟ್ಟುವುದಿಲ್ಲ. ಶರತ್ಕಾಲದಲ್ಲಿ ಹೇಗೂ ಎಲೆ ಉದುರುತ್ತದೆ. ಕೊಯ್ದದ್ದನ್ನು ಯಾರು ಒಯ್ದರೂ ಕೇಳುವವರಿಲ್ಲ.

"ಕೇಳಿದ್ಯಾ?" ಹೋಲ್ಗರ್ ಹೆಂಡತಿಯ ಮೊಣಕೈ ತಿವಿದ. "ಶನಿವಾರದೊಳಗೆ ಒಣಗಲು ಹರಡಬಹುದು. ಒಂದು ತಿಂಗಳಿಂದ ಹಾಸಿಗೆ ಪಕ್ಕ ಬಕೆಟ್ ಇಟ್ಕೊಂಡು ಮಲಗ್ತಿದೀನಿ. ಟಪ್, ಟಪ್. ಕನಸಲ್ಲೂ ಟಪ್."

ಬೋದಿಲ್‌ಳ ಕೈ ತೆಕ್ಕೆಯ ಹುಲ್ಲನ್ನು ತನ್ನಷ್ಟಕ್ಕೆ ಹೊಸೆಯುತ್ತಿತ್ತು. ಹುಲ್ಲು ಚೆನ್ನಾಗಿತ್ತು. ಉದ್ದವಾಗಿತ್ತು, ಜಿಗುಟಾಗಿತ್ತು, ಹಳೆಯ ಮಾಡಿನ ಹುಲ್ಲಿನ ಹಾಗೇ ಇತ್ತು. ಹನ್ನೆರಡು ಟ್ರೇಲರ್. ನಲವತ್ತು ಹೆಂಗಸರು ತನ್ನ ಅಂಗಳದಲ್ಲಿ. ಅವಳಿಗೆ ಅದು ಬೇಕಿತ್ತು, ಬಾಯಾರಿದವರಿಗೆ ನೀರು ಬೇಕಾದ ಹಾಗೆ.

ಮಾರೆನ್ ಎಂಜಿನ್ ನಿಲ್ಲಿಸಿ ಗಾಜಿನ ತಳದ ಬಕೆಟ್ಟನ್ನು ಅವಳ ಕೈಗೆ ಕೊಟ್ಟಳು. "ಈ ಅಂಚು. ಇಲ್ಲಿ ಎಲೆ ಚೆನ್ನಾಗಿ ದಟ್ಟ ಆಗಿದೆ. ನಮ್ಮ ಮೊದಲನೇ ವರ್ಷದ ಜಾಗದ ಪಕ್ಕ."

ಬೋದಿಲ್ ಬಕೆಟ್ಟನ್ನು ನೀರಿಗೆ ಒತ್ತಿ ಮುಖ ಇಟ್ಟಳು. ಮೊದಲು ಹುಲ್ಲು ಕಂಡಿತು, ಒಂದೇ ದಿಕ್ಕಿಗೆ ಬಾಗಿ ಮತ್ತೆ ಏಳುವ ಹುಲ್ಲು. ಅದರ ನಡುವೆ ಬೆರಳುದ್ದದ ಕಾಡ್ ಮೀನಿನ ಮರಿಗಳು. ಹೊಳೆ ತಿರುಗಿದಂತೆ ಒಟ್ಟಿಗೆ ತಿರುಗಿದವು. ದೋಣಿ ನಿಧಾನವಾಗಿ ಸರಿಯಿತು. ಹುಲ್ಲು ಮುಗಿದು ಬರಿಯ ಮರಳು ಬಂತು. ಮರಳಿನ ಮೇಲೆ ತುಕ್ಕಿನ ಗೆರೆಗಳು.

ಅವಳ ಮೊಳೆಗಳು. ಸಾಲು ತಪ್ಪದೆ ನಿಂತಿದ್ದವು.

ಅವಳು ಮುಖ ಎತ್ತಬೇಕೆಂದಿದ್ದಳು. ಅಷ್ಟರಲ್ಲಿ ಒಂದು ಮೊಳೆಯ ಪಕ್ಕ ಹಸಿರು ಕಂಡಿತು. ಮೂರು ಎಲೆ. ಆಚೆ ಇನ್ನೊಂದು. ಹುಲ್ಲುಗಾವಲಿನ ಅಂಚಿನಿಂದ ಬೇರುಗಳು ಮರಳಿನಡಿ ತೆವಳಿಕೊಂಡು ಬಂದು, ಸತ್ತ ಸಾಲುಗಳ ನಡುವೆ ತಲೆಯೆತ್ತುತ್ತಿದ್ದವು. ಯಾರೂ ನೆಟ್ಟಿರಲಿಲ್ಲ. ಯಾರೂ ಕಟ್ಟಿರಲಿಲ್ಲ.

ಅವಳು ಬಹಳ ಹೊತ್ತು ಹಾಗೇ ಇದ್ದಳು. ಹೋಲ್ಗರ್ ಅವಳ ಕೋಟಿನ ತುದಿ ಹಿಡಿದುಕೊಂಡ, ಬಿದ್ದಾಳೆಂದು.

"ಈ ಅಂಚೇ ಅಲ್ವಾ ನಮ್ಮ ಮೊಳೆಗಳ ಕಡೆ ಹೋಗ್ತಿರೋದು?" ಮುಖ ಒರೆಸಿಕೊಳ್ಳುತ್ತ ಕೇಳಿದಳು.

"ಹೌದು. ಆದ್ರೆ ಎಲೆ ಕೊಯ್ದ್ರೆ ಅದೇನೂ ನಿಲ್ಲಲ್ಲ ಬೋದಿಲ್. ನನಗೆ ಖಾತ್ರಿಯಿದೆ."

"ನನಗೂ ಆ ವರ್ಷ ಖಾತ್ರಿ ಇತ್ತು."

ಮಾರೆನ್‌ಳ ಕೈ ಅಲಗಿನ ಹಿಡಿಯ ಮೇಲಿತ್ತು. ಹೋಲ್ಗರ್ ಹೆಂಡತಿಯ ಮುಖ ನೋಡಿದ, ಆಮೇಲೆ ಆಕಾಶ ನೋಡಿದ.

"ಮಂಗಳವಾರ ಬಡಗಿಗೆ ಫೋನ್ ಮಾಡು," ಎಂದು ಬೋದಿಲ್ ಅವನಿಗೆ ಹೇಳಿದಳು. "ಉತ್ತರದ ಕಡೆ ಶೀಟು ಹಾಕ್ಲಿ. ಜಡೆ ಬಿಗಿಯೋಕೆ ಕೊಕ್ಕೆ ಇರೋದನ್ನ ಹಾಕಿಸು. ಕಡಲು ಕೊಟ್ಟ ವರ್ಷ ಅದರ ಮೇಲೇ ಹೊದಿಸ್ತೀವಿ."

"ಬಸ್ಸಲ್ಲಿ ಜನ ಏನಂತಾರೆ?"

"ಟಿಕೆಟ್ ಕೊಡು ಅಂತಾರೆ."

ಅವಳು ಮಡಿಲಲ್ಲಿದ್ದ ಜಡೆಯ ಕತ್ತನ್ನು ಬಿಗಿದು, ಎಳೆದು ನೋಡಿ, ಪಕ್ಕಕ್ಕಿಟ್ಟಳು. ಮೊದಲ ಸಾಲಿನ ಮೊದಲನೆಯದು.

ಮಾರೆನ್ ಇನ್ನೂ ಅಲಗಿನ ಹಿಡಿಯ ಮೇಲೆ ಕೈ ಇಟ್ಟೇ ಇದ್ದಳು. "ಒಂದೇ ಒಂದು ಟ್ರೇಲರ್? ತೂತು ಮುಚ್ಚೋಕೆ? ನಿಮ್ಮ ಕೈಯಿಂದ ಬಂದ ಹುಲ್ಲು ಇದು. ನನಗೆ ಕೊಡಬೇಕು ಅನ್ಸತ್ತೆ."

"ಬೇಡ," ಎಂದಳು ಬೋದಿಲ್. "ಒಂದು ಎಲೆಯೂ ಬೇಡ."