ಮಣ್ಣಿನ ಹಕ್ಕಿ ಹೊಡೆಯುವ ಮೊದಲು ಮುನ್ನೂರು ಹೆಜ್ಜೆ

ಹೊಲ ನಮ್ಮದು ಎಂದಮೇಲೆ ಇನ್ನೊಬ್ಬರನ್ನು ಯಾಕೆ ಕೇಳಬೇಕು? ಇಂಗ್ಲೆಂಡಿನ ನಮ್ಮ ಡೆವನ್ ಸೀಮೆಯಲ್ಲಿ ಹೀಗನ್ನದ ರೈತನಿಲ್ಲ. ಡೆಂಜಿಲ್ ಲಸ್ಕಮ್ ಮಾತ್ರ ದಿನಕ್ಕೆರಡು ಸಲ ಅನ್ನುತ್ತಿದ್ದ.

ಆ ಮಾರ್ಚ್‌ಗೆ ಡೆಂಜಿಲ್ ಮತ್ತು ಥರ್ಜಾ ಮದುವೆಯಾಗಿ ಇಪ್ಪತ್ತೈದು ವರ್ಷ. ನೆಂಟರನ್ನೆಲ್ಲ ಕರೆದು ಮೇಲಿನ ಹೊಲದಲ್ಲಿ ಮಣ್ಣಿನ ಹಕ್ಕಿ ಹೊಡೆಯುವ ಆಟ ಇಡಬೇಕೆಂದು ಡೆಂಜಿಲ್‌ಗೆ ಆಸೆ. ಯಂತ್ರ ಹಕ್ಕಿ ಎಂಬ ಪುಟ್ಟ ಬಿಲ್ಲೆಗಳನ್ನು ಆಕಾಶಕ್ಕೆ ಚಿಮ್ಮಿಸುತ್ತದೆ, ಕೋವಿ ಹಿಡಿದವರು ಅವನ್ನು ಒಡೆಯಬೇಕು. ಅಷ್ಟೇ ಆಟ.

"ಒಂದು ಮಾತು ಮಿಸೆಸ್ ಯೋ ಅವರನ್ನ ಕೇಳು," ಎಂದಳು ಥರ್ಜಾ.

"ಅವರೇನು ಹೇಳ್ತಾರೆ, ಕೋಸು ತಿನ್ನು ಅಂತಾರೆ."

ಹೆಸ್ಟರ್ ಯೋ ಹಿಂದೆ ಶಾಲೆಯಲ್ಲಿ ಊಟ ಬಡಿಸುತ್ತಿದ್ದವರು. ತಟ್ಟೆಯ ಕೋಸು ಖಾಲಿಯಾಗದೆ ಹುಡುಗ ಡೆಂಜಿಲ್‌ನನ್ನು ಬೆಂಚಿನಿಂದ ಏಳಲು ಬಿಟ್ಟವರಲ್ಲ. ಈಗ ಎಪ್ಪತ್ತೆರಡರ ವಯಸ್ಸಿನಲ್ಲಿ ಪಕ್ಕದೂರಿನ ಕೋವಿ ಗುರಿಕಾರರ ಸಂಘದಲ್ಲಿ ಸುರಕ್ಷತೆ ನೋಡಿಕೊಳ್ಳುತ್ತಾರೆ. ಥರ್ಜಾ ತಾನೇ ಫೋನು ಮಾಡಿದಳು. ಅರ್ಧ ಗಂಟೆಯಲ್ಲಿ ಹೆಸ್ಟರ್ ಹೊಲದಲ್ಲಿದ್ದರು.

"ಎಲ್ಲಿ ನಿಂತು, ಯಾವ ಕಡೆ ಹೊಡೀತೀರಿ?"

ಡೆಂಜಿಲ್ ಕೈ ತೋರಿಸಿದ.

"ಸರಿ. ಆ ಕಡೆಗೆ ಮುನ್ನೂರು ಹೆಜ್ಜೆ ಹಾಕು. ದೊಡ್ಡ ಹೆಜ್ಜೆ."

ಡೆಂಜಿಲ್ ಎಣಿಸುತ್ತ ನಡೆದ, ಹಿಂದೆ ಹೆಸ್ಟರ್, ಥರ್ಜಾ. ಇನ್ನೂರ ಹತ್ತಕ್ಕೆ ಬೇಲಿ ಬಂತು. ಬೇಲಿಯಾಚೆ ನೆರೆಯ ರೈತ ಮರ್ವಿನ್ ಗ್ರಿಗ್‌ನ ಅರವತ್ತು ಗಬ್ಬದ ಕುರಿಗಳು. ಅವುಗಳ ನಡುವೆ ಬಗ್ಗಿಕೊಂಡು ಸಾಕ್ಷಾತ್ ಗ್ರಿಗ್.

"ಇನ್ನೂ ತೊಂಬತ್ತಿದೆ, ನಡಿ," ಎಂದರು ಹೆಸ್ಟರ್.

"ಅದು ಗ್ರಿಗ್‌ನ ಹೊಲ."

"ಗುಂಡಿಗೆ ಗೊತ್ತಾಗುತ್ತಾ ಅದು?"

ಡೆಂಜಿಲ್ ಬೇಲಿಗೆ ಬೆನ್ನು ಹಾಕಿದ. ಗ್ರಿಗ್ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಊರಿನ ತರಕಾರಿ ಪ್ರದರ್ಶನದಲ್ಲಿ ತೀರ್ಪುಗಾರನಾಗಿದ್ದ ಗ್ರಿಗ್, ಡೆಂಜಿಲ್‌ನ ಈರುಳ್ಳಿಗೆ ಮೂರನೇ ಬಹುಮಾನ ಕೊಟ್ಟಿದ್ದ. ಸ್ಪರ್ಧೆಗೆ ಈರುಳ್ಳಿ ತಂದವರೇ ಮೂವರು.

"ಹಂಗಾದ್ರೆ ಈ ಕಡೆ ತಿರುಗಿ ಹೊಡೀತೀವಿ," ಎಂದ.

"ಅಲ್ಲಿ ಕಾಲುದಾರಿ ಇದೆ. ರಜಾದಿನ ಊರವರೆಲ್ಲ ನಾಯಿ ಕರ್ಕೊಂಡು ಓಡಾಡ್ತಾರೆ."

"ಹಂದಿ ಹೊಲದ ಕಡೆಗೆ?"

"ಬಿಲ್ಲೇಲಿ ಡಾಂಬರಿನಂಥದ್ದು ಇರುತ್ತೆ ಕಣೋ. ಚೂರು ತಿಂದರೆ ಹಂದಿ ಸಾಯ್ತವೆ."

ಹಂದಿಗಳು ಥರ್ಜಾಳವು. ಅವಳು ಗಂಡನನ್ನು ಒಮ್ಮೆ ನೋಡಿದಳು, ಆ ಮಾತು ಅಲ್ಲಿಗೇ ಮುಗಿಯಿತು.

ಉಳಿದದ್ದು ಕೆಳಗಿನ ಹೊಲ. ಎದುರಿಗೆ ಗೋಡೆಯಂಥ ಗುಡ್ಡ, ದಾರಿಯಿಲ್ಲ, ದನವಿಲ್ಲ. ಹೆಸ್ಟರ್ ಒಪ್ಪಿ ತಲೆಯಾಡಿಸಿದರು. ಆದರೆ ಕಾರುಗಳು ಅಲ್ಲಿಗೆ ಇಳಿಯಲು ಇದ್ದದ್ದು ಗ್ರಿಗ್‌ನ ಗೇಟು ಒಂದೇ.

"ನಾನು ಹೋಗಲ್ಲ," ಎಂದ ಡೆಂಜಿಲ್.

"ಗೇಟು ಬೇಡದಿದ್ರೂ ಹೋಗ್ಲೇಬೇಕಿತ್ತು. ಆ ಸದ್ದಿಗೆ ಬೆದರಿ ಕುರಿ ಕಂದು ಹಾಕಿದ್ರೆ ಏನ್ಮಾಡ್ತೀಯ? ನಡಿ, ಹೋಗು," ಎಂದರು ಹೆಸ್ಟರ್, ಕೋಸಿನ ಕಾಲದ ದನಿಯಲ್ಲಿ.

ಡೆಂಜಿಲ್ ಹೋದ. ಥರ್ಜಾ ಕೈಗಿಟ್ಟ ಹಣ್ಣಿನ ಕೇಕನ್ನು ಹಸುಗೂಸಿನಂತೆ ಎದೆಗೆ ಒತ್ತಿಕೊಂಡಿದ್ದ. ಗ್ರಿಗ್ ಬಾಗಿಲು ತೆರೆದು ಕೇಕನ್ನು ನೋಡಿದ, ಅವನನ್ನು ನೋಡಿದ.

"ನಿನ್ನ ಈರುಳ್ಳಿ ಮೆತ್ತಗಾಗಿತ್ತು," ಎಂದ.

"ಗೊತ್ತು. ಮಳೇಲಿ ನೆನೆದಿತ್ತು," ಎಂದ ಡೆಂಜಿಲ್. ಒಂಬತ್ತು ವರ್ಷದಲ್ಲಿ ಇದನ್ನು ಹೆಂಡತಿಯ ಮುಂದೆಯೂ ಒಪ್ಪಿರಲಿಲ್ಲ. ಆಮೇಲೆ ಬಂದ ವಿಷಯ ಹೇಳಿದ.

ಗ್ರಿಗ್ ಗಲ್ಲ ಕೆರೆದುಕೊಂಡ. "ಹೋದ ವರ್ಷ ಯಾರೋ ಪಟಾಕಿ ಹೊಡೆದು ನಾಲ್ಕು ಮರಿ ಹೋದವು ನಂದು. ಏಪ್ರಿಲ್ ಮುಗಿಯೋವರೆಗೂ ಸದ್ದು ಬೇಡ. ಮೇ ತಿಂಗಳಲ್ಲಿ ಇಟ್ಕೋ, ಗೇಟು ನಾನೇ ತೆಗೀತೀನಿ."

"ಮದುವೆ ದಿನ ಮಾರ್ಚ್‌ನಲ್ಲಿದೆಯಲ್ಲ," ಎಂದು ಡೆಂಜಿಲ್ ಮನೆಗೆ ಬಂದು ಗೊಣಗಿದ.

"ನಿನ್ನನ್ನ ಇಪ್ಪತ್ತೈದು ವರ್ಷ ತಡ್ಕೊಂಡಿದೀನಿ. ಇನ್ನು ಏಳು ವಾರ ಯಾವ ಲೆಕ್ಕ?" ಎಂದಳು ಥರ್ಜಾ.

ಆ ಏಳು ವಾರದಲ್ಲಿ ಹೆಸ್ಟರ್ ಅವನನ್ನು ಕೂರಲು ಬಿಡಲಿಲ್ಲ. ಯಾರಿಗಾದರೂ ಪೆಟ್ಟಾದರೆ ಎಂದು ವಿಮೆ ಮಾಡಿಸಿದರು. ಕೋವಿ ಪರವಾನಗಿ ಇಲ್ಲದ ನೆಂಟರೂ ಹೊಡೆಯಲೆಂದು ಪೊಲೀಸರಿಂದ ಮೊದಲೇ ಅನುಮತಿ ತರಿಸಿದರು. ಸುತ್ತಲಿನ ಮನೆಗಳಿಗೆ ದಿನ, ಹೊತ್ತು ತಿಳಿಸಿ ಚೀಟಿ ಹಂಚಿಸಿದರು.

ಮೇ ತಿಂಗಳ ಒಂದು ಶನಿವಾರ ಗೇಟು ತೆರೆಯಿತು. ಹಳದಿ ಕೋಟು ತೊಟ್ಟ ಹೆಸ್ಟರ್ ಎಲ್ಲರ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಸಿದರು. ಖಾಲಿಯೆಂದು ಕಾಣುವಂತೆ ನಡು ಮಡಚದೆ ಕೋವಿ ಹಿಡಿದು ಅಡ್ಡಾಡುತ್ತಿದ್ದ ಥರ್ಜಾಳ ಅಣ್ಣನನ್ನು ಟೀ ಬಡಿಸಲು ಕಳಿಸಿದರು. ಥರ್ಜಾ ಹನ್ನೊಂದು ಬಿಲ್ಲೆ ಒಡೆದಳು, ಗ್ರಿಗ್ ಒಂಬತ್ತು. ಡೆಂಜಿಲ್ ಒಂದನ್ನೂ ಒಡೆಯಲಿಲ್ಲ. ಗಾಳಿ ಜೋರಿತ್ತೆಂದು ಅವನ ಹೇಳಿಕೆ.

ಸಂಜೆ ಎಲ್ಲರೂ ಸೇರಿ ಬಿಲ್ಲೆಯ ಚೂರು, ಖಾಲಿ ತೋಟೆ ಆರಿಸುತ್ತಿದ್ದಾಗ ನೆಂಟನೊಬ್ಬ, "ನಿನ್ನದೇ ಹೊಲ ತಾನೇ, ಇಷ್ಟೆಲ್ಲ ಯಾಕೆ?" ಎಂದ. ಡೆಂಜಿಲ್ ಅವನ ತೋಳು ಹಿಡಿದು ಕೂರಿಸಿ ಗುಂಡಿನ ದೂರ, ಕುರಿಯ ಗಬ್ಬ, ಹಂದಿಯ ಹೊಟ್ಟೆ ಎಲ್ಲವನ್ನೂ ವಿವರಿಸಿದ. ಟೀ ಆರಿಹೋಯಿತು, ಅವನು ಬಿಡಲಿಲ್ಲ. ಪಕ್ಕದಲ್ಲಿ ಗ್ರಿಗ್ ನಡುನಡುವೆ ತಿದ್ದುತ್ತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಲದಲ್ಲೂ ಈ ಆಟ ಇಡುವ ಮನಸ್ಸಿದೆಯೇ? ಖಂಡಿತ ಇಡಿ. ಗುಂಡು ಹಾರುವ ದಿಕ್ಕಿಗೆ ಮುನ್ನೂರು ಮೀಟರ್ ನೀವೇ ನಡೆದು ನೋಡಿ. ವಿಮೆ, ಅನುಮತಿ ಪಡೆಯಿರಿ, ತಿಳಿದವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಯಂತ್ರ ತರಿಸುವುದಕ್ಕೂ ಮುಂಚೆ ನೆರೆಮನೆಯ ಬಾಗಿಲು ತಟ್ಟಿ. ಮಾತು ಬಿಟ್ಟ ಮನೆಯಾದರೆ ಆ ಬಾಗಿಲನ್ನೇ ಮೊದಲು ತಟ್ಟಿ.