ತವರಿನ ಹೆಸರು

ಬಾಣಂತಿಯರ ವಾರ್ಡಿನ ಚಾರ್ಜು ಮುಸರತ್ ಕೈಗೆ ಬಂದ ಮೊದಲ ದಿನ ಅದು. ಹದಿನಾರು ವರ್ಷದ ಹಿಂದೆ ಕುಂದಗೋಳದ ಇದೇ ಆಸ್ಪತ್ರೆಗೆ ಆಯಾ ಆಗಿ ಸೇರಿ, ಇದೇ ವಾರ್ಡಿನ ನೆಲ ಒರೆಸಿದವಳು. ಕೆಲಸ ಮಾಡುತ್ತಲೇ ಪಿಯುಸಿಗೆ ಕಟ್ಟಿ ಪಾಸಾದಳು. ಹುಬ್ಬಳ್ಳಿಯಲ್ಲಿ ಮೂರು ವರ್ಷ ನರ್ಸಿಂಗ್ ಓದಿ ಸ್ಟಾಫ್ ನರ್ಸ್ ಆಗಿ ಮರಳಿದಳು. ಈಗ ಇನ್‌ಚಾರ್ಜ್ ಸಿಸ್ಟರ್.

ಅವಳಿಗಿಂತ ಹಿರಿಯಳಾದ ನರ್ಸ್ ಶಿವಗಂಗಾ ಬೆಳಿಗ್ಗೆಯೇ ಎಲ್ಲರೆದುರು ನಕ್ಕಿದ್ದಳು. “ಮದಲ ನಾ ನೀರ ತಾ ಅಂದ್ರ ತರ್ತಿದ್ಲು. ಇನ್ನ ನಾ ಆಕಿನ್ನ ಕೇಳಿ ನೀರ ಕುಡೀಬೇಕು.”

“ಕುಡೀರಿ ಅಕ್ಕಾರ, ಕೇಳೂದೇನ ಬ್ಯಾಡ,” ಎಂದಳು ಮುಸರತ್. ಆದರೆ ಇವತ್ತು ಎಡವಿದರೆ ‘ಎಷ್ಟಾದರೂ ಆಯಾ’ ಎಂಬ ಮಾತು ತನ್ನೂರು ಯರಗುಪ್ಪಿಯ ತನಕ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಅಲ್ಲಿ ತಾಯಿ ಜಮಾಲಬಿ ಮಗಳ ಸುದ್ದಿಯನ್ನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಹನ್ನೊಂದಕ್ಕೆ ಹುಬ್ಬಳ್ಳಿಯಿಂದ ರಕ್ತದ ಚೀಲ ಬಂತು, ಧನಶ್ರೀ ಎಂಬ ಬಾಣಂತಿಗೆ. ಲಗೂನ ಹಚ್ಚಿರೆಂದು ಡಾಕ್ಟರು ಆಪರೇಷನ್ ಥಿಯೇಟರಿನಿಂದಲೇ ಹೇಳಿಕಳಿಸಿದರು. ಶಿವಗಂಗಾ ಚೀಲ ಹಿಡಿದು ವಾರ್ಡಿಗೆ ಬಂದಳು.

“ಧನಶ್ರೀ ಯಾರ್ರಿ?”

“ಇಕಿನರಿ, ನನ್ನ ಮಗಳು,” ನಾಲ್ಕನೇ ಮಂಚದ ಬಾಜು ಕೂತಿದ್ದ ಭೀಮಾಬಾಯಿ ಎದ್ದು ನಿಂತಳು. ಮಗಳೂ ಮಂಪರಿನಲ್ಲಿ ಹೂಂ ಅಂದಳು.

ನೆಲ ಒರೆಸುವ ದಿನಗಳಲ್ಲಿ ಮುಸರತ್ ಒಂದು ಸಂಗತಿ ಗಮನಿಸಿದ್ದಳು: ಹಡೆದವ್ವ ಕರೆಯುವ ಹೆಸರು ಎಷ್ಟೋ ಸಲ ಕಾಗದದಲ್ಲಿ ಇರುವುದಿಲ್ಲ. ಶಿವಗಂಗಾ ನಳಿಗೆ ಜೋಡಿಸುವಷ್ಟರಲ್ಲಿ ಮುಸರತ್ ಕೈ ಅಡ್ಡ ಬಂತು.

“ತಡೀರಿ ಅಕ್ಕಾರ. ಕೇಸ್ ಪೇಪರ್ ಓದೂಣು.”

“ಆಕಿನ ಹೂಂ ಅಂದಾಳ. ಡಾಕ್ಟರ್ ಬೈದ್ರ ನೀ ಉತ್ತರಾ ಕೊಡ್ತಿಯೇನು?”

“ನಾನ ಕೊಡ್ತೀನ್ರಿ.”

ಕಾಗದದಲ್ಲಿ ಕಸ್ತೂರಿ ಎಂದಿತ್ತು.

“ಅದು ಲಗ್ನದಾಗ ಬೀಗರು ಅಕ್ಕಿಯೊಳಗ ಬರಿಸಿ ಇಟ್ಟ ಹೊಸಾ ಹೆಸರರಿ,” ಭೀಮಾಬಾಯಿ ಮುಖ ತಿರುವಿದಳು. “ಹುಟ್ಟಿದಾಗಿಂದ ನಮಗಿಕಿ ಧನಶ್ರೀ. ಅವರ ಸಲುವಾಗಿ ನಾ ಯಾಕ ಬದಲಿಸ್ಲಿ?”

ಕಸ್ತೂರಿಯದು ಒ ಗುಂಪು, ಚೀಲದಲ್ಲಿದ್ದದ್ದು ಬಿ. ಅದು ಒಳಗೆ ಹೋಗಿದ್ದರೆ ಅವಳು ಉಳಿಯುವುದೇ ಕಷ್ಟವಿತ್ತು. ಕಾಗದದಲ್ಲೂ ಧನಶ್ರೀ ಆಗಿದ್ದವಳು ಗೋಡೆಯ ಪಕ್ಕ ಒಂಬತ್ತನೇ ಮಂಚದಲ್ಲಿದ್ದಳು. ಓಗೊಡುವ ಶಕ್ತಿಯೂ ಅವಳಿಗಿರಲಿಲ್ಲ. ಜೊತೆಗಿದ್ದ ಅತ್ತೆ ಔಷಧ ತರಲು ಹೋಗಿದ್ದಳು.

ಆ ಮಂಚದ ಬಳಿ ಮುಸರತ್ ಚೀಲದ ಹೆಸರು, ಗುಂಪು, ನಂಬರು ಗಟ್ಟಿಯಾಗಿ ಓದಿದಳು. ಶಿವಗಂಗಾ ಕಾಗದ ನೋಡಿ ಒಂದೊಂದಕ್ಕೂ ಹೌದೆಂದಳು. ರಕ್ತ ಹನಿಯತೊಡಗಿತು.

ಡಾಕ್ಟರು ಬಂದು, ಇಷ್ಟು ತಡ ಯಾಕೆಂದು ಕೇಳಿದರು. ಮುಸರತ್ ಬಾಯಿ ತೆರೆಯುವ ಮೊದಲೇ ಶಿವಗಂಗಾ ಮುಂದೆ ಬಂದಳು.

“ನಾ ತಪ್ಪ ಮಂಚಕ್ಕ ಹಚ್ಚಾಕ ಹೊಂಟಿದ್ನಿರಿ ಸರ್. ನಮ್ಮ ಇನ್‌ಚಾರ್ಜರು ತಡದ್ರು.”

ಮುಸರತ್ ಬೆನ್ನು ತಾನೇ ನೆಟ್ಟಗಾಯಿತು. ಮಧ್ಯಾಹ್ನ ಒಂಬತ್ತನೇ ಮಂಚದ ಧನಶ್ರೀ ಕಣ್ಣು ಬಿಟ್ಟು ಕೂಸನ್ನು ಕೇಳಿದ ಮೇಲೆ, ಮುಸರತ್ ದಾಖಲಾತಿ ಪುಸ್ತಕ ತೆಗೆದು ಸ್ಕೇಲು ಇಟ್ಟು ಹೊಸದೊಂದು ಖಾನೆ ಎಳೆಯತೊಡಗಿದಳು. ಮೇಲೆ ‘ತವರಿನ ಹೆಸರು’ ಎಂದು ಬರೆದಳು.

ಶಿವಗಂಗಾ ಬಗ್ಗಿ ನೋಡಿದಳು. “ಇನ್ನಷ್ಟ ಅಗಲ ಬಿಡ್ರಿ. ನಮ್ಮ ಮಂದಿ ಕೂಸಿಗೆ ನಾಕ್ನಾಕ ಹೆಸರ ಇಡ್ತಾರ.”

ಮುಸರತ್ ನಕ್ಕು, ಸ್ಕೇಲನ್ನು ಎರಡು ಬೆರಳು ಆಚೆ ಸರಿಸಿ ಗೆರೆ ಎಳೆದಳು.